ಡೀಸೆಲ್ ಯಂತ್ರದ ರಿಜಿಸ್ಟರ್: ಹೊಸ ಸಂಹಿತೆಯಲ್ಲಿ ಏನು ಉಳಿಯಿತು, ಏನು ಕಳೆದುಹೋಗಬಹುದು?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 29 ಹಳೆಯ ಕಾನೂನುಗಳು ಈ ನಾಲ್ಕರೊಳಗೆ ಸೇರಿಹೋದವು. ಅದರ ಜೊತೆಗೇ ಕೇಳಿಬಂದ ಮಾತು: ಇನ್ನು ಒಂದೇ ನೋಂದಣಿ, ಒಂದೇ ಲೈಸೆನ್ಸ್, ಒಂದೇ ರಿಟರ್ನ್. ಲೋಕಾಪುರ, ಮುಧೋಳದ ಸುಣ್ಣಕಲ್ಲು ಗಣಿಗಳಿಗೂ ಇಳಕಲ್, ಹುನಗುಂದದ ಗ್ರಾನೈಟ್ ಖಣಿಗಳಿಗೂ ಈ ಮಾತು ತಲುಪುವಷ್ಟರಲ್ಲಿ "ರಿಜಿಸ್ಟರ್ ಬರೆಯುವ ಕೆಲಸವೇ ಮುಗಿಯಿತು" ಎಂದಾಗಿಬಿಡುವುದು ಸುಲಭ. ಇನ್ನೊಂದು ಕಡೆ, ಕಾರ್ಮಿಕ ಸಂಘಟನೆಗಳು ಸುರಕ್ಷತೆಯ ಕಾವಲೇ ಸಡಿಲವಾಯಿತು ಎನ್ನುತ್ತಿವೆ. ಎರಡೂ ಮಾತಿನಲ್ಲಿ ಸ್ವಲ್ಪ ನಿಜವಿದೆ. ಆದರೆ ಎರಡೂ ಕಡೆಯವರು ಯಾವ ರಿಜಿಸ್ಟರ್ ಬಗ್ಗೆ ಮಾತಾಡುತ್ತಿದ್ದಾರೆ ಎಂಬುದೇ ಸ್ಪಷ್ಟವಾಗಿಲ್ಲ.

ಇದನ್ನು ಬಿಡಿಸಿಕೊಳ್ಳಲು ಒಂದು ಸಣ್ಣ ದಾಖಲೆಯನ್ನು ಹಿಡಿದುಕೊಂಡು ಹೋಗೋಣ. ಅದು ಭೂಗರ್ಭದ ಕಲ್ಲಿದ್ದಲು ಗಣಿಯಲ್ಲಿ ಓಡುವ ಡೀಸೆಲ್ ಯಂತ್ರದ ತಪಾಸಣೆ ಪುಸ್ತಕ. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸ್ಥಾವರ ಸುಡುವ ಕಲ್ಲಿದ್ದಲು ಹೊರರಾಜ್ಯಗಳಿಂದ ರೈಲಿನಲ್ಲಿ ಬರುತ್ತದೆ. ಆದರೂ ಆ ಪುಸ್ತಕವನ್ನೇ ಆರಿಸಿಕೊಳ್ಳಲು ಕಾರಣವಿದೆ. ಡೀಸೆಲ್ ಯಂತ್ರದ ತಪ್ಪು ಅತಿ ಬೇಗ, ಅತಿ ಕ್ರೂರವಾಗಿ ಶಿಕ್ಷೆ ಕೊಡುವ ಜಾಗ ಅದು. ದಾಖಲೆ ಯಾಕೆ ಬೇಕು ಎಂಬ ಪ್ರಶ್ನೆಗೆ ಅಲ್ಲಿ ಸಿಕ್ಕ ಉತ್ತರ, ನಮ್ಮ ತೆರೆದ ಖಣಿಯ ಹಿಟಾಚಿ, ಕಂಪ್ರೆಸರ್, ಟಿಪ್ಪರ್‌ಗಳಿಗೂ ಬಹುಪಾಲು ಹೊಂದುತ್ತದೆ.

ಹಾಜರಿ ಪುಸ್ತಕ ಬೇರೆ, ಯಂತ್ರದ ಪುಸ್ತಕ ಬೇರೆ

ಮೊದಲು ಗೊಂದಲದ ಬುಡಕ್ಕೆ ಹೋಗೋಣ. ಗಣಿಯಲ್ಲಿ ಎರಡು ಜಾತಿಯ ದಾಖಲೆಗಳಿರುತ್ತವೆ. ಒಂದು ಜನರ ಲೆಕ್ಕ: ಯಾರು ಕೆಲಸಕ್ಕಿದ್ದಾರೆ, ಎಷ್ಟು ದಿನ ಬಂದರು, ಎಷ್ಟು ಪಗಾರ, ಎಷ್ಟು ಓವರ್‌ಟೈಮ್, ಯಾವ ರಜೆ. ಇನ್ನೊಂದು ಯಂತ್ರದ ಮತ್ತು ಜಾಗದ ಲೆಕ್ಕ: ಬ್ರೇಕ್ ಹೇಗಿದೆ, ಗಾಳಿ ಎಷ್ಟು ಬರುತ್ತಿದೆ, ಬೆಂಕಿ ಆರಿಸುವ ಸಾಧನ ಕೆಲಸ ಮಾಡುತ್ತದೆಯೇ, ಎಂಜಿನ್ನಿನ ಹೊಗೆಯಲ್ಲಿ ಏನಿದೆ.

ರಿಜಿಸ್ಟರ್ ಕಡಿತದ ಸುದ್ದಿ ಬಂದಾಗಲೆಲ್ಲ ಅದು ಮುಖ್ಯವಾಗಿ ಮೊದಲನೇ ಜಾತಿಯದ್ದು. 2017ರಲ್ಲೇ ಕೇಂದ್ರ ಸರ್ಕಾರ ಬೇರೆ ಬೇರೆ ಕಾರ್ಮಿಕ ಕಾನೂನುಗಳ ಅಡಿಯ 56 ರಿಜಿಸ್ಟರ್‌ಗಳನ್ನು ಐದಕ್ಕೆ ಇಳಿಸಿತ್ತು. ಅವು ಪಗಾರ, ಹಾಜರಿ, ಸಾಲ-ಕಡಿತದಂಥ ಲೆಕ್ಕಗಳು. ಒಂದೇ ಹೆಸರನ್ನು ಏಳೆಂಟು ಕಡೆ ಬರೆಯುವ ಹೊರೆ ಹೋದದ್ದು ಒಳ್ಳೆಯದೇ ಆಯಿತು.

ಯಂತ್ರದ ಪುಸ್ತಕ ಹುಟ್ಟುವುದು ಬೇರೆ ಕಡೆ. 1952ರ ಗಣಿ ಕಾಯ್ದೆಯ ಅಡಿಯಲ್ಲಿ ಬಂದ 1961ರ ಲೋಹ ಗಣಿ ನಿಯಮಾವಳಿ, 2017ರ ಕಲ್ಲಿದ್ದಲು ಗಣಿ ನಿಯಮಾವಳಿ ಅದರ ಮೂಲ. ಈಗ ಗಣಿ ಕಾಯ್ದೆ ರದ್ದಾಗಿದೆ. ಕಾರ್ಖಾನೆ ಕಾಯ್ದೆಯೂ ಸೇರಿದಂತೆ 13 ಕಾನೂನುಗಳು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2020ರಲ್ಲಿ ಒಂದಾಗಿವೆ. ತಾಯಿ ಕಾಯ್ದೆಯೇ ಹೋದ ಮೇಲೆ ಅದರ ನಿಯಮಗಳೂ ಹೋದವು ಎಂದುಕೊಂಡವರು ಬಹಳ ಜನ. ಹಾಗಾಗಿಲ್ಲ. ಸಂಹಿತೆಯಲ್ಲೇ ಉಳಿಕೆಯ ಕಲಮು ಇದೆ. ಹಳೆಯ ನಿಯಮಗಳು ಸಂಹಿತೆಗೆ ವಿರುದ್ಧವಾಗಿಲ್ಲದ ಮಟ್ಟಿಗೆ, ಸರ್ಕಾರ ಅವನ್ನು ಪ್ರತ್ಯೇಕವಾಗಿ ತೆಗೆದುಹಾಕುವ ತನಕ, ಜೀವಂತವಾಗಿರುತ್ತವೆ. ಕಾಯ್ದೆ ರದ್ದಾಯಿತು ಎಂದು ಯಂತ್ರದ ಪುಸ್ತಕವನ್ನು ಕಪಾಟಿಗೆ ಸೇರಿಸುವ ಮ್ಯಾನೇಜರ್ ಕಾನೂನು ಮುರಿದಂತೆಯೇ.

ನಿಜವಾದ ಪ್ರಶ್ನೆ ಏಳುವುದು ಮುಂದಿನ ಹಂತದಲ್ಲಿ. ಹಳೆಯ ನಿಯಮಾವಳಿಗಳ ಜಾಗಕ್ಕೆ ಸಂಹಿತೆಯ ಅಡಿಯ ಹೊಸ ನಿಯಮ, ಹೊಸ ಮಾನದಂಡಗಳು ಬಂದಾಗ ಯಾವ ಕಾಲಂ ಉಳಿಯುತ್ತದೆ, ಯಾವುದು ಹೋಗುತ್ತದೆ? ಅದನ್ನು ತೂಗಬೇಕಾದರೆ ಆ ಕಾಲಂ ಯಾಕೆ ಹುಟ್ಟಿತು ಎಂದು ಗೊತ್ತಿರಬೇಕು.

ನೆಲದ ಕೆಳಗೆ ಡೀಸೆಲ್ ಎಂದರೆ

ಹೊಲದಲ್ಲಿ ಟ್ರ್ಯಾಕ್ಟರ್ ಹೊಗೆ ಬಿಟ್ಟರೆ ಗಾಳಿ ಒಯ್ಯುತ್ತದೆ. ನೆಲದ ಕೆಳಗೆ ಗಾಳಿ ತಾನಾಗಿ ಬರುವುದಿಲ್ಲ; ದೊಡ್ಡ ಫ್ಯಾನ್ ಹಚ್ಚಿ ಎಳೆದು ತರಬೇಕು. ಆ ಅಳತೆಯ ಗಾಳಿಯಲ್ಲೇ ಮನುಷ್ಯರು ಉಸಿರಾಡಬೇಕು, ಎಂಜಿನ್ನೂ ಉಸಿರಾಡಬೇಕು. ಎಂಜಿನ್ ಬಿಟ್ಟ ಉಸಿರನ್ನು ತೆಳುಮಾಡಿ ಹೊರಹಾಕುವುದೂ ಅದೇ ಗಾಳಿ.

ಕಲ್ಲಿದ್ದಲಿನ ಪದರದಿಂದ ಮಿಥೇನ್ ಅನಿಲ ಸೋರುತ್ತಿರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ 5ರಿಂದ 15ರ ನಡುವೆ ಇದ್ದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಆ ಸ್ಫೋಟದ ಹೊಡೆತಕ್ಕೆ ನೆಲದಲ್ಲಿ ಕೂತ ಕಲ್ಲಿದ್ದಲಿನ ಧೂಳು ಎದ್ದು ಹೊತ್ತಿಕೊಂಡರೆ ಬೆಂಕಿ ಸುರಂಗದುದ್ದಕ್ಕೂ ಓಡುತ್ತದೆ. ಹೀಗಾಗಿ ಅನಿಲ ಇರಬಹುದಾದ ಜಾಗಕ್ಕೆ ಹೋಗುವ ಡೀಸೆಲ್ ಯಂತ್ರದ ಹೊರಮೈ ಎಷ್ಟು ಕಾಯಬಹುದು ಎಂಬುದಕ್ಕೂ ಮಿತಿ ಇದೆ. ಅಮೆರಿಕದ ನಿಯಮದಲ್ಲಿ ಅದು ಸುಮಾರು 150 ಡಿಗ್ರಿ ಸೆಲ್ಸಿಯಸ್. ಸೈಲೆನ್ಸರಿನಿಂದ ಜ್ವಾಲೆ ಹೊರಬರದಂತೆ ತಡೆ ಇರಬೇಕು, ಹೊಗೆ ತಣ್ಣಗಾಗಿ ಬರಬೇಕು, ಟ್ಯಾಂಕ್‌ಗೆ ತುಂಬುವ ಡೀಸೆಲ್ಲಿನ ಗಂಧಕದ ಅಂಶಕ್ಕೂ ಕಟ್ಟುಪಾಡು ಇದೆ.

ಇನ್ನು ಹೊಗೆಯೊಳಗಿನ ವಿಷ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ನೈಟ್ರೋಜನ್ ಡೈಆಕ್ಸೈಡ್ ಶ್ವಾಸಕೋಶವನ್ನು ಸುಡುತ್ತದೆ. ಕಣ್ಣಿಗೆ ಕಾಣುವ ಕರಿ ಮಸಿಯ ಹಿಂದೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿರುತ್ತವೆ. ಅವು ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತವೆ.

ಭಾರತದ ಕಲ್ಲಿದ್ದಲಿನ ಬಹುಪಾಲು ತೆರೆದ ಗಣಿಗಳಿಂದ ಬರುವುದರಿಂದ ಈ ಸಮಸ್ಯೆ ನಮ್ಮಲ್ಲಿ ದೊಡ್ಡ ಚರ್ಚೆಯಾಗಿಲ್ಲ. ಆದರೆ ಕಲ್ಲಿದ್ದಲು ಸಚಿವಾಲಯ ಭೂಗರ್ಭ ಗಣಿಗಳಿಂದ ವರ್ಷಕ್ಕೆ 10 ಕೋಟಿ ಟನ್ ತೆಗೆಯುವ ಗುರಿಯನ್ನು 2030ಕ್ಕೆ ಇಟ್ಟುಕೊಂಡಿದೆ. ಅಷ್ಟನ್ನು ಗುದ್ದಲಿ, ಬುಟ್ಟಿಯಿಂದ ತೆಗೆಯಲಾಗದು. ಯಂತ್ರಗಳು ಒಳಗೆ ಇಳಿಯಲೇಬೇಕು. ಜನ, ಸಾಮಾನು ಸಾಗಿಸುವ ಡೀಸೆಲ್ ವಾಹನಗಳೂ ಅವುಗಳಲ್ಲಿ ಸೇರುತ್ತವೆ.

ವಾರಕ್ಕೊಂದು ಸಾಲು

ಈ ದಾಖಲೆ ಅತ್ಯಂತ ವಿವರವಾಗಿ ರೂಪುಗೊಂಡದ್ದು ಅಮೆರಿಕದಲ್ಲಿ. ಅಲ್ಲಿನ ಗಣಿ ಸುರಕ್ಷತಾ ಇಲಾಖೆ 1996ರಲ್ಲಿ ಭೂಗರ್ಭ ಕಲ್ಲಿದ್ದಲು ಗಣಿಗಳ ಡೀಸೆಲ್ ಯಂತ್ರಗಳಿಗೆ ಪ್ರತ್ಯೇಕ ನಿಯಮ ತಂದಿತು. 2001ರಲ್ಲಿ ಹೊಗೆಯ ಕಣಗಳ ಮೇಲೆ ಇನ್ನೊಂದು ನಿಯಮ ಬಂತು. ಗಣಿಯೊಳಗಿನ ಡೀಸೆಲ್ ಯಂತ್ರಗಳ ಪಟ್ಟಿಯನ್ನೂ ಇಟ್ಟುಕೊಳ್ಳಬೇಕು ಎಂದಿತು.

1996ರ ನಿಯಮದ ತಿರುಳು ಹೀಗಿದೆ. ಅರ್ಹತೆ ಪಡೆದ ವ್ಯಕ್ತಿ ವಾರಕ್ಕೊಮ್ಮೆ ಯಂತ್ರವನ್ನು ಪರೀಕ್ಷಿಸಬೇಕು. ಭಾರೀ ಕೆಲಸದ ಯಂತ್ರಗಳಲ್ಲಿ ಎಂಜಿನ್ ಮೇಲೆ ಪ್ರತಿ ಸಲ ಒಂದೇ ರೀತಿಯ ಹೊರೆ ಕೊಟ್ಟು, ಗಾಳಿಯೊಂದಿಗೆ ಬೆರೆಯುವ ಮೊದಲೇ ಹೊಗೆಯನ್ನು ಹಿಡಿದು ಅದರಲ್ಲಿನ ಕಾರ್ಬನ್ ಮೊನಾಕ್ಸೈಡ್ ಅಳೆಯಬೇಕು. ಯಂತ್ರದಲ್ಲಿ ದೋಷ ಕಂಡರೆ ಯಾವ ಯಂತ್ರ, ಏನು ದೋಷ, ಏನು ಸರಿಪಡಿಸಲಾಯಿತು ಎಂದು ಬರೆಯಬೇಕು. ಬರೆದದ್ದನ್ನು ಅಳಿಸಿ ತಿದ್ದಲು ಬಾರದ ಪುಸ್ತಕದಲ್ಲೋ ಕಂಪ್ಯೂಟರಿನಲ್ಲೋ ಇಡಬೇಕು. ಒಂದು ವರ್ಷ ಕಾಪಾಡಬೇಕು.

ಯಾಕೆ ಪ್ರತಿ ವಾರ? ಒಂದು ಉದಾಹರಣೆ ನೋಡೋಣ. ಅಂಕಿಗಳು ತಿಳಿಯಲೆಂದು ಕೊಟ್ಟವು ಮಾತ್ರ. ಸುಸ್ಥಿತಿಯ ಎಂಜಿನ್ ಮೊದಲ ವಾರ 300 ಪಿಪಿಎಂ (ಹೊಗೆಯ ಹತ್ತು ಲಕ್ಷ ಭಾಗದಲ್ಲಿ 300 ಭಾಗ) ಕಾರ್ಬನ್ ಮೊನಾಕ್ಸೈಡ್ ತೋರಿಸಿತು ಎನ್ನಿ. ಎರಡನೇ ವಾರ 310. ಮೂರನೇ ವಾರ 380. ನಾಲ್ಕನೇ ವಾರ 520. ನಾಲ್ಕನೇ ವಾರದ ಅಂಕಿಯನ್ನಷ್ಟೇ ನೋಡಿದವನಿಗೆ ಅದೊಂದು ಸಂಖ್ಯೆ. ಹೆಚ್ಚೋ ಕಡಿಮೆಯೋ ಹೇಳಲು ಆಗದು. ನಾಲ್ಕನ್ನೂ ಒಂದರ ಕೆಳಗೊಂದು ನೋಡಿದ ಮೆಕ್ಯಾನಿಕ್‌ಗೆ ಎಂಜಿನ್ ಉಸಿರು ಕಟ್ಟುತ್ತಿದೆ ಎಂದು ತಿಳಿಯುತ್ತದೆ. ಏರ್ ಫಿಲ್ಟರ್ ಧೂಳಿನಿಂದ ಮುಚ್ಚಿದರೆ ಎಂಜಿನ್ನಿಗೆ ಗಾಳಿ ಸಾಲುವುದಿಲ್ಲ, ಡೀಸೆಲ್ ಪೂರ್ತಿ ಸುಡುವುದಿಲ್ಲ, ಕಾರ್ಬನ್ ಮೊನಾಕ್ಸೈಡ್ ಏರುತ್ತದೆ, ಮಸಿಯೂ ಏರುತ್ತದೆ. ನೊಝಲ್ ಕೆಟ್ಟು ಡೀಸೆಲ್ ಹನಿಹನಿಯಾಗಿ ಬಿದ್ದರೂ ಹಾಗೇ. ಫಿಲ್ಟರ್ ಬದಲಿಸಿದ ಮೇಲೆ ಐದನೇ ವಾರ ಅಂಕಿ 305ಕ್ಕೆ ಇಳಿದರೆ ರೋಗ ಅದೇ ಎಂದು ಖಾತ್ರಿಯಾಯಿತು. ಇಳಿಯದಿದ್ದರೆ ನೊಝಲ್ ನೋಡಬೇಕು.

ಹೊಗೆ ಕಪ್ಪಾಗಿ ಕಣ್ಣಿಗೆ ಕಾಣುವ ತನಕ ಕಾಯುವ ಪದ್ಧತಿಗೂ ಈ ಪುಸ್ತಕಕ್ಕೂ ಇರುವ ವ್ಯತ್ಯಾಸ ಇಷ್ಟೇ: ಪುಸ್ತಕ ಎರಡು ವಾರ ಮೊದಲೇ ಹೇಳುತ್ತದೆ. ಅದಕ್ಕೇ ಆ ನಿಯಮ ಎಂಜಿನ್ನಿನ ಸ್ಥಿತಿಯನ್ನು ಹಿಂಬಾಲಿಸಲು ಬೇಕಾದ ದಾಖಲೆ ಇಡಿ ಎನ್ನುತ್ತದೆ. ಒಂದೊಂದು ಸಾಲಿಗೆ ಬೆಲೆ ಬರುವುದು ಅದರ ಮೇಲಿನ ಸಾಲಿನಿಂದ. ನಡುವೆ ಎರಡು ವಾರ ಬಿಟ್ಟುಹೋದರೆ, ಅಥವಾ ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ನಾಲ್ಕೂ ಸಾಲು ತುಂಬಿದರೆ, ಪುಸ್ತಕ ಇದ್ದೂ ಇಲ್ಲದಂತೆ.

ಮೂವತ್ತು ವರ್ಷದ ನಂತರದ ಓದುಗ

ಇಲ್ಲಿಯವರೆಗೆ ಹೇಳಿದ್ದು ಮುಂದಿನ ಪಾಳಿಯ ಜೀವ ಉಳಿಸುವ ಲೆಕ್ಕ. ಅದೇ ಪುಸ್ತಕಕ್ಕೆ ಇನ್ನೊಬ್ಬ ಓದುಗನಿದ್ದಾನೆ. ಅವನು ಬರುವುದು ಮೂವತ್ತು ವರ್ಷ ಬಿಟ್ಟು.

ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಯೇ ಎಂಬ ಪ್ರಶ್ನೆ ದಶಕಗಳ ಕಾಲ ನೆನೆಗುದಿಗೆ ಬಿದ್ದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿ "ತರುವ ಸಂಭವವಿದೆ" ಎಂಬ ಪಟ್ಟಿಯಲ್ಲಿ ಅದನ್ನು ಇಟ್ಟಿತ್ತು. 2012ರ ಜೂನ್‌ನಲ್ಲಿ ಅದನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎಂಬ ಗುಂಪಿಗೆ ಏರಿಸಿತು. ತಂಬಾಕು, ಕಲ್ನಾರು ಇರುವ ಗುಂಪು ಅದು.

ಈ ತೀರ್ಮಾನಕ್ಕೆ ದೊಡ್ಡ ಆಧಾರವಾದದ್ದು ಅದೇ ವರ್ಷದ ಮಾರ್ಚ್‌ನಲ್ಲಿ ಪ್ರಕಟವಾದ ಅಮೆರಿಕದ ಗಣಿ ಕಾರ್ಮಿಕರ ಅಧ್ಯಯನ. ಎಂಟು ಗಣಿಗಳ 12,315 ಕಾರ್ಮಿಕರ ಬದುಕನ್ನು ಅದು ಹಿಂಬಾಲಿಸಿತ್ತು. ಅವು ಪೊಟ್ಯಾಶ್, ಉಪ್ಪು, ಸುಣ್ಣಕಲ್ಲು ಮುಂತಾದವುಗಳ ಗಣಿಗಳು. ಬಾಗಲಕೋಟೆಯವರಿಗೆ ಸುಣ್ಣಕಲ್ಲು ಎಂಬ ಶಬ್ದ ಇಲ್ಲಿ ಗಮನಕ್ಕೆ ಬರಬೇಕು, ಅಲ್ಲಿಯದು ನೆಲದಡಿಯ ಗಣಿಯಾದರೂ. ಅತಿ ಹೆಚ್ಚು ಹೊಗೆ ಕುಡಿದ ಭೂಗರ್ಭ ಕಾರ್ಮಿಕರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಸುಮಾರು ಮೂರು ಪಟ್ಟು ಕಂಡುಬಂತು.

ಈ ಲೇಖನಕ್ಕೆ ಸಂಬಂಧಿಸಿದ ಅಂಶ ಮುಂದಿದೆ. ಆ ಗಣಿಗಳಿಗೆ ಡೀಸೆಲ್ ಯಂತ್ರ ಬಂದದ್ದು 1947ರಿಂದ 1967ರ ನಡುವೆ. ಆಗ ಹೊಗೆಯ ಕಣಗಳನ್ನು ಯಾರೂ ಅಳೆಯುತ್ತಿರಲಿಲ್ಲ. ಹಾಗಾದರೆ 1960ರಲ್ಲಿ ಒಬ್ಬ ಕಾರ್ಮಿಕ ಎಷ್ಟು ಹೊಗೆ ಕುಡಿದ ಎಂದು ವಿಜ್ಞಾನಿಗಳು ಕಂಡುಹಿಡಿದದ್ದು ಹೇಗೆ? ಹಳೆಯ ದಾಖಲೆಗಳಿಂದ. ಗಣಿಯ ಗಾಳಿಯಲ್ಲಿ ಹಿಂದೆ ಅಳೆದ ಕಾರ್ಬನ್ ಮೊನಾಕ್ಸೈಡ್ ಅಂಕಿಗಳು, ಒಳಗೆ ಓಡುತ್ತಿದ್ದ ಡೀಸೆಲ್ ಯಂತ್ರಗಳ ಅಶ್ವಶಕ್ತಿ, ಹೊರಗೆ ತಳ್ಳುತ್ತಿದ್ದ ಗಾಳಿಯ ಪ್ರಮಾಣ, ಯಾರು ಯಾವ ಕೆಲಸದಲ್ಲಿ ಎಷ್ಟು ವರ್ಷ ಇದ್ದರು ಎಂಬ ಪಟ್ಟಿ. ಈಚಿನ ಅಳತೆಗಳಿಂದ ಹಿಂದಕ್ಕೆ ನಡೆದು, ಈ ಕಾಗದಗಳನ್ನು ಜೋಡಿಸಿ, ಅವರು ಹಳೆಯ ಹೊಗೆಯನ್ನು ಲೆಕ್ಕ ಹಾಕಿದರು. ಅಂಕಿ ಬರೆದವನಿಗೆ ಅದು ಕ್ಯಾನ್ಸರ್ ಲೆಕ್ಕಕ್ಕೆ ಬೀಳುತ್ತದೆಂಬ ಕಲ್ಪನೆಯೂ ಇರಲಿಲ್ಲ. ಅವನು ಅಂದಿನ ದಿನದ ಕೆಲಸ ಮಾಡಿದ್ದ, ಅಷ್ಟೆ.

ಇಲ್ಲೇ ಅಮೆರಿಕದ ನಿಯಮದ ಕೊರತೆಯೂ ಕಾಣುತ್ತದೆ. ವಾರದ ತಪಾಸಣೆಯ ದಾಖಲೆಯನ್ನು ಒಂದು ವರ್ಷ ಇಟ್ಟರೆ ಸಾಕು ಎನ್ನುತ್ತದೆ ಅದು. ಬೆಂಕಿ, ಸ್ಫೋಟ ತಡೆಯಲು ಒಂದು ವರ್ಷ ಸಾಕು. ಶ್ವಾಸಕೋಶದ ಕ್ಯಾನ್ಸರ್‌ಗೆ ಸಾಲದು. ಅದು ಹೊಗೆ ಕುಡಿದ ಎಷ್ಟೋ ವರ್ಷಗಳ ನಂತರ, ಹಲವು ಸಲ ಕೆಲಸ ಬಿಟ್ಟು ಊರು ಸೇರಿದ ಮೇಲೆ, ತಲೆ ಎತ್ತುತ್ತದೆ. ಆಗ ಪರಿಹಾರ ಕೇಳಲು ಹೋದ ಕಾರ್ಮಿಕನಿಗೆ ಎದುರಾಗುವ ಮೊದಲ ಪ್ರಶ್ನೆ: ನಿನಗೆ ಬಂದದ್ದು ಗಣಿಯ ಹೊಗೆಯಿಂದಲೇ ಎಂಬುದಕ್ಕೆ ಏನು ಸಾಕ್ಷಿ? ಸಾಕ್ಷಿ ರದ್ದಿಗೆ ಹೋಗಿ ದಶಕಗಳಾಗಿರುತ್ತದೆ.

ಎರಡು ಪುಸ್ತಕ ಇಟ್ಟಾಗ

ದಾಖಲೆ ಇದೆ ಎಂದ ಮಾತ್ರಕ್ಕೆ ಸುರಕ್ಷತೆ ಇದೆ ಎಂದು ತಿಳಿಯಬಾರದು. 2010ರ ಏಪ್ರಿಲ್ 5ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ಅಪ್ಪರ್ ಬಿಗ್ ಬ್ರಾಂಚ್ ಕಲ್ಲಿದ್ದಲು ಗಣಿ ಸ್ಫೋಟದಲ್ಲಿ 29 ಕಾರ್ಮಿಕರು ಸತ್ತರು. ಕಲ್ಲಿದ್ದಲು ಕೊರೆಯುವ ಯಂತ್ರದ ಹಲ್ಲುಗಳು ಸವೆದಿದ್ದವು, ನೀರು ಚಿಮುಕಿಸುವ ನಳಿಕೆಗಳು ಕೆಲಸ ಮಾಡುತ್ತಿರಲಿಲ್ಲ, ಧೂಳು ರಾಶಿ ಬಿದ್ದಿತ್ತು ಎಂದು ತನಿಖೆ ಹೇಳಿತು. ಅದರ ಜೊತೆಗೆ ಇನ್ನೊಂದು ಸಂಗತಿ ಹೊರಬಂತು: ಗಣಿಯಲ್ಲಿ ಎರಡು ಬಗೆಯ ಪುಸ್ತಕಗಳಿದ್ದವು. ಉತ್ಪಾದನೆ ಮತ್ತು ದುರಸ್ತಿಯ ಒಳಗಿನ ಪುಸ್ತಕದಲ್ಲಿ ದೋಷಗಳು ದಾಖಲಾಗಿದ್ದವು. ಇನ್‌ಸ್ಪೆಕ್ಟರಿಗೆ ತೋರಿಸಬೇಕಾದ ಕಾನೂನಿನ ಪುಸ್ತಕದಲ್ಲಿ ಅವೇ ದೋಷಗಳು ಇರಲಿಲ್ಲ. ಕಂಪನಿಯ ಮುಖ್ಯಸ್ಥನಿಗೆ, ಸುರಕ್ಷತಾ ನಿಯಮಗಳನ್ನು ಬೇಕೆಂದೇ ಮುರಿಯುವ ಸಂಚಿಗಾಗಿ, 2016ರಲ್ಲಿ ಒಂದು ವರ್ಷ ಜೈಲಾಯಿತು.

ಆ ಗಣಿಯವರಿಗೆ ದೋಷ ಗೊತ್ತಿತ್ತು, ಬರೆಯಲೂ ಬರುತ್ತಿತ್ತು. ದೋಷ ಬರೆದರೆ ದಂಡ ಬೀಳುತ್ತದೆ, ಕೆಲಸ ನಿಲ್ಲುತ್ತದೆ ಎಂಬ ಭಯ ಇರುವ ಕಡೆ ಪುಸ್ತಕ ಎರಡಾಗಿ ಒಡೆಯುತ್ತದೆ ಎಂಬುದಕ್ಕೆ ಈ ಪ್ರಕರಣ ಸಾಕ್ಷಿ. ಪ್ರತಿ ಸಾಲಿನಲ್ಲೂ "ಸರಿ ಇದೆ" ಎಂದೇ ಬರೆದಿರುವ ಪುಸ್ತಕ ಕಂಡರೆ ಅನುಭವವಿರುವ ಇನ್‌ಸ್ಪೆಕ್ಟರಿಗೆ ಅನುಮಾನ ಬರಬೇಕು. ಧೂಳಿನಲ್ಲಿ ಓಡುವ ಯಂತ್ರ ವರ್ಷಪೂರ್ತಿ ಸರಿ ಇರುವುದಿಲ್ಲ.

ಮಾಲೀಕರ ಮಾತು, ಕಾರ್ಮಿಕರ ಮಾತು

ಗಣಿ ಮಾಲೀಕರ ವಾದವನ್ನು ತಳ್ಳಿಹಾಕುವಂತಿಲ್ಲ. ಬರೆಯುವುದಕ್ಕೆ ಜನ ಬೇಕು, ಹೊತ್ತು ಬೇಕು. ಒಂದೇ ಮಾಹಿತಿಯನ್ನು ಮೂರು ಇಲಾಖೆಗೆ ಮೂರು ನಮೂನೆಯಲ್ಲಿ ಕೊಡುವುದರಿಂದ ಯಾರ ಜೀವವೂ ಉಳಿಯುವುದಿಲ್ಲ. ಕಾಗದದ ರಾಶಿ ಹೆಚ್ಚಿದಷ್ಟೂ ಮುಖ್ಯವಾದ ಸಾಲು ಅದರಡಿ ಮುಚ್ಚಿಹೋಗುತ್ತದೆ, ಬರೆಯುವವನು ಬೇಸತ್ತು ಕಣ್ಣುಮುಚ್ಚಿ ಟಿಕ್ ಹಾಕುತ್ತಾನೆ. ಕಂಪ್ಯೂಟರಿನಲ್ಲಿ ಇಡಲು ಹೊಸ ಸಂಹಿತೆ ಅವಕಾಶ ಕೊಟ್ಟಿರುವುದು ಈ ದೃಷ್ಟಿಯಿಂದ ಒಳ್ಳೆಯ ಹೆಜ್ಜೆ.

ಕಾರ್ಮಿಕ ಸಂಘಟನೆಗಳ ಆತಂಕ ಬೇರೆ. ಸಂಹಿತೆಯಲ್ಲಿ ಇನ್‌ಸ್ಪೆಕ್ಟರ್ ಈಗ "ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್", ಅಂದರೆ ತಪಾಸಣೆಯ ಜೊತೆ ಸಲಹೆಯನ್ನೂ ಕೊಡುವವರು. ಯಾವ ಗಣಿಗೆ ಯಾವಾಗ ಹೋಗಬೇಕೆಂಬುದನ್ನು ವೆಬ್ ವ್ಯವಸ್ಥೆಯ ಮೂಲಕ ನಿರ್ಧರಿಸುವುದಕ್ಕೂ ಅವಕಾಶವಿದೆ. ಹಫ್ತಾ ಹಾವಳಿ ತಪ್ಪುತ್ತದೆ ಎಂದು ಸರ್ಕಾರ ಹೇಳುತ್ತದೆ. ದೂರು ಬಂದ ಕೂಡಲೇ ಹೋಗಿ ನೋಡುವ ಅಧಿಕಾರಿಯ ಕೈ ಕಟ್ಟಿದಂತಾಗುತ್ತದೆ ಎಂದು ಸಂಘಟನೆಗಳು ಹೇಳುತ್ತವೆ. ಅಧಿಕಾರಿ ಕಡಿಮೆ ಬಂದಷ್ಟೂ ಪುಸ್ತಕದ ಭಾರ ಹೆಚ್ಚುತ್ತದೆ. ಸುಳ್ಳು ದಾಖಲೆಗೆ ಸಂಹಿತೆಯಲ್ಲಿ ಶಿಕ್ಷೆ ಇದೆ ನಿಜ. ಸುಳ್ಳು ಎಂದು ಗೊತ್ತಾಗಬೇಕಾದರೆ ಯಾರಾದರೂ ಪುಸ್ತಕವನ್ನೂ ಯಂತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಅಮೆರಿಕದಲ್ಲಿ ಈ ಜಗ್ಗಾಟಕ್ಕೆ ಒಂದು ದಾರಿ ಮಾಡಿದ್ದಾರೆ. ಅಲ್ಲಿ ಯಾವ ಇಲಾಖೆಯಾದರೂ ಜನರಿಂದ ದಾಖಲೆ ಕೇಳುತ್ತಿದ್ದರೆ, ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಅದಕ್ಕೆ ಮರು ಅನುಮತಿ ಪಡೆಯಬೇಕು. ಈ ದಾಖಲೆ ಬರೆಯಲು ಒಟ್ಟು ಎಷ್ಟು ಗಂಟೆ, ಎಷ್ಟು ಹಣ ಹೋಗುತ್ತದೆ, ಇದರಿಂದ ಏನು ಉಪಯೋಗ ಎಂದು ಲೆಕ್ಕ ಕೊಟ್ಟು ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಡೀಸೆಲ್ ಯಂತ್ರದ ದಾಖಲೆಗಳೂ ಹೀಗೆ ಮತ್ತೆ ಮತ್ತೆ ಪರೀಕ್ಷೆಗೆ ನಿಲ್ಲುತ್ತವೆ. ಕಡಿತ ಮಾಡುವುದಾದರೂ ಒಂದೊಂದೇ ಕಾಲಂ ಹಿಡಿದು ಮಾತಾಡುವ ಈ ಪದ್ಧತಿ ನಮ್ಮಲ್ಲೂ ಬರಬೇಕು. ಇಷ್ಟು ರಿಜಿಸ್ಟರ್ ಇತ್ತು, ಇಷ್ಟಕ್ಕೆ ಇಳಿಸಿದೆವು ಎಂಬ ಒಟ್ಟು ಲೆಕ್ಕದಲ್ಲಿ ಯಾವುದು ಹೋಯಿತು ಎಂಬುದು ಕಾಣುವುದಿಲ್ಲ.

ನಮ್ಮ ಖಣಿಯಲ್ಲಿ ಯಾವ ಪುಸ್ತಕ ಇದೆ

ಕಲ್ಲಿನ ಖಣಿಯೂ ಕಾನೂನಿನ ಕಣ್ಣಲ್ಲಿ ಗಣಿಯೇ ಎಂಬುದು ನಮ್ಮ ಭಾಗದಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಗಣಿ ಕಾಯ್ದೆಯಲ್ಲಿ ಕಟ್ಟಡದ ಕಲ್ಲು, ಮೊರಂ, ಸುಣ್ಣಕಲ್ಲಿನಂಥ ಕೆಲವಕ್ಕೆ ವಿನಾಯಿತಿ ಇತ್ತು. ತೆರೆದ ಗಣಿಗೆ ಅದರ ಷರತ್ತು ಮೂರು: ಆಳ ಎಲ್ಲಿಯೂ 6 ಮೀಟರ್ ದಾಟಬಾರದು, ಯಾವ ದಿನವೂ 50ಕ್ಕಿಂತ ಹೆಚ್ಚು ಜನ ಕೆಲಸಕ್ಕಿರಬಾರದು, ಸ್ಫೋಟಕ ಬಳಸಬಾರದು. ಮೂರರಲ್ಲಿ ಒಂದು ತಪ್ಪಿದರೂ ವಿನಾಯಿತಿ ಇಲ್ಲ. 6 ಮೀಟರ್ ಎಂದರೆ ಎರಡು ಅಂತಸ್ತಿನ ಮನೆಯ ಎತ್ತರ. ಗ್ರಾನೈಟ್ ಖಣಿಯ ಅಂಚಿಗೆ ನಿಂತು ಕೆಳಗೆ ನೋಡಿದವರಿಗೆ ಈ ವಿನಾಯಿತಿ ಎಷ್ಟು ಖಣಿಗಳಿಗೆ ಸಿಗಬಹುದು ಎಂಬುದು ಬೇರೆ ಹೇಳಬೇಕಿಲ್ಲ.

ತೆರೆದ ಖಣಿಯಲ್ಲಿ ಮಿಥೇನ್ ಭಯ ಇಲ್ಲ, ಗಾಳಿ ಆಡುತ್ತದೆ. ಭೂಗರ್ಭದ ವಾರದ ಹೊಗೆ ಪರೀಕ್ಷೆಯನ್ನು ಹಾಗೇ ಇಲ್ಲಿಗೆ ಎತ್ತಿ ತರಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಆಳವಾದ ಖಣಿಯ ತಳದಲ್ಲಿ, ಗಾಳಿ ಅಲುಗದ ಚಳಿಗಾಲದ ಬೆಳಿಗ್ಗೆ, ಎರಡು ಹಿಟಾಚಿ, ಒಂದು ಕಂಪ್ರೆಸರ್, ಸಾಲು ಹಿಡಿದ ಟಿಪ್ಪರ್ ಒಟ್ಟಿಗೆ ಚಾಲೂ ಇದ್ದರೆ ಹೊಗೆ ಮೇಲೇಳದೆ ಅಲ್ಲೇ ಮಲಗುತ್ತದೆ. ಕಂಪ್ರೆಸರ್ ಪಕ್ಕ ಡ್ರಿಲ್ ಹಿಡಿದವನು ಕಲ್ಲಿನ ಧೂಳನ್ನೂ ಡೀಸೆಲ್ ಮಸಿಯನ್ನೂ ಒಟ್ಟಿಗೆ ಕುಡಿಯುತ್ತಾನೆ. ಆ ಧೂಳು ತರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯ ಬಗ್ಗೆ ಅಷ್ಟಿಷ್ಟು ತಿಳಿವಳಿಕೆ ಇದೆ; ಮಸಿಯ ಬಗ್ಗೆ ಅದೂ ಇಲ್ಲ. ಇನ್ನು ಬ್ರೇಕ್, ರಿವರ್ಸ್ ಹಾರ್ನ್, ಹೈಡ್ರಾಲಿಕ್ ಪೈಪಿನ ಸೋರಿಕೆ ಇವು ಖಣಿ ತೆರೆದಿರಲಿ, ಮುಚ್ಚಿರಲಿ, ಜೀವ ತೆಗೆಯುವ ದೋಷಗಳೇ.

ಖಣಿಯವರಿಗೆ ಬರೆದಿಡುವ ರೂಢಿ ಇಲ್ಲ ಎಂಬ ಮಾತನ್ನು ನಂಬಬೇಡಿ. ಬಾಡಿಗೆ ಹಿಟಾಚಿಯ ಲಾಗ್ ಬುಕ್ ತೆರೆದು ನೋಡಿ. ಬೆಳಿಗ್ಗೆ ಅವರ್ ಮೀಟರ್ ಎಷ್ಟಿತ್ತು, ಸಂಜೆ ಎಷ್ಟಾಯಿತು, ಎಷ್ಟು ಲೀಟರ್ ಡೀಸೆಲ್ ಹಾಕಿದರು, ಬಕೆಟ್ ಎಷ್ಟು ಗಂಟೆ, ಬ್ರೇಕರ್ ಎಷ್ಟು ಗಂಟೆ ಎಲ್ಲ ಬರೆದಿರುತ್ತದೆ, ಆಪರೇಟರನ ಸಹಿಯೊಂದಿಗೆ. ಅರ್ಧ ಗಂಟೆ ತಪ್ಪಿದರೂ ಜಗಳ. ಯಾಕೆಂದರೆ ಬಾಡಿಗೆ ಗಂಟೆಯ ಲೆಕ್ಕ, ಡೀಸೆಲ್ ರೊಕ್ಕದ ಲೆಕ್ಕ. ಆ ಸಾಲನ್ನು ಪ್ರತಿ ಸಂಜೆ ಎದುರಿನವನು ಓದುತ್ತಾನೆ ಎಂದು ಬರೆಯುವವನಿಗೆ ಗೊತ್ತು. ಆ ಪುಸ್ತಕದಲ್ಲಿ ಕಾಣದಿರುವುದು ಏರ್ ಫಿಲ್ಟರ್ ಯಾವತ್ತು ಬದಲಾಯಿತು, ಹೊಗೆ ಯಾವತ್ತಿನಿಂದ ಕಪ್ಪಾಯಿತು, ಬ್ರೇಕ್ ಸಡಿಲ ಎಂದು ಆಪರೇಟರ್ ಯಾವತ್ತು ಹೇಳಿದ ಎಂಬ ಸಾಲುಗಳು. ಇವಕ್ಕೆ ಸಂಜೆಯ ಓದುಗ ಇಲ್ಲ. ಏರ್ ಫಿಲ್ಟರಿಗೆ ಕಂಪ್ರೆಸರ್ ಗಾಳಿ ಹೊಡೆದು ಅದನ್ನೇ ಮತ್ತೆ ಕೂರಿಸಿದರೆ ಅದು ದಾಖಲೆಯಲ್ಲೂ ಬರುವುದಿಲ್ಲ, ಖರ್ಚಿನಲ್ಲೂ ಬರುವುದಿಲ್ಲ.

ಅಂದರೆ ಇಲ್ಲಿ ಸೇರಬೇಕಾದದ್ದು ಹೊಸದೊಂದು ರಿಜಿಸ್ಟರ್ ಅಲ್ಲ. ಈಗಿರುವ ಲಾಗ್ ಬುಕ್ಕಿನಲ್ಲೇ ಎರಡು ಕಾಲಂ: ಕಂಡ ದೋಷ, ಮಾಡಿದ ದುರಸ್ತಿ. ಮತ್ತು ಅದನ್ನು ಓದಿ ಸಹಿ ಹಾಕುವ ಒಬ್ಬ ಜವಾಬ್ದಾರಿಯುತ ಮನುಷ್ಯ.

ಇನ್ನು ಮುಂದೆ

ಈ ಕೊನೆಯ ಮನುಷ್ಯನೇ ಸಣ್ಣ ಖಣಿಗಳ ದೊಡ್ಡ ತೊಡಕು. ಸುರಕ್ಷತಾ ಅಧಿಕಾರಿಯ ನೇಮಕವನ್ನು ಸಂಹಿತೆ 100 ಅಥವಾ ಹೆಚ್ಚು ಕಾರ್ಮಿಕರಿರುವ ಗಣಿಗೆ ಕಡ್ಡಾಯ ಮಾಡಿದೆ. ಸಿಮೆಂಟ್ ಕಾರ್ಖಾನೆಗಳ ದೊಡ್ಡ ಸುಣ್ಣಕಲ್ಲು ಗಣಿಗಳಿಗೆ ಇದು ಕಷ್ಟವಲ್ಲ. ಇಪ್ಪತ್ತು, ಮೂವತ್ತು ಜನ ದುಡಿಯುವ ಖಣಿಗೆ ಈ ಕಲಮು ತಾಗುವುದೇ ಇಲ್ಲ. ಅಲ್ಲಿ ಪುಸ್ತಕ ಓದುವ ಹೊಣೆ ಮ್ಯಾನೇಜರ್ ಅಥವಾ ಮೇಟ್ (ಪಾಳಿಯ ಮೇಲ್ವಿಚಾರಕ) ಮೇಲೆಯೇ ಬೀಳುತ್ತದೆ. ಕಲ್ಲು ಎಷ್ಟು ಹೊರಟಿತು ಎಂಬುದಕ್ಕೂ ಉತ್ತರ ಕೊಡಬೇಕಾದವರು ಅವರೇ.

ಹೊಸ ನಿಯಮಗಳು ಯಂತ್ರದ ಪುಸ್ತಕವನ್ನು ಸ್ವಯಂ ಘೋಷಣೆಯ ಒಂದು ಸಾಲಿಗೆ ಇಳಿಸಿದರೆ, ಅಂದರೆ "ಎಲ್ಲ ಯಂತ್ರಗಳೂ ಸುಸ್ಥಿತಿಯಲ್ಲಿವೆ" ಎಂದು ವರ್ಷಕ್ಕೊಮ್ಮೆ ಆನ್‌ಲೈನ್‌ನಲ್ಲಿ ಟಿಕ್ ಹಾಕಿದರೆ ಸಾಕು ಎಂದಾದರೆ, ಮೊದಲು ಸಾಯುವುದು ಆ ವಾರ ವಾರದ ಹೋಲಿಕೆ. ಅಂಕಿ ಏರುತ್ತಿದೆಯೇ ಎಂದು ನೋಡಲು ಹಿಂದಿನ ಅಂಕಿಯೇ ಇರುವುದಿಲ್ಲ. ದುರಂತವಾದ ಮೇಲೆ ಯಾರ ತಪ್ಪು ಎಂದು ಹುಡುಕಲು ಟಿಕ್ ಒಂದೇ ಸಿಗುತ್ತದೆ. ಬದಲಿಗೆ, ಕಾಗದದ ಪುಸ್ತಕವನ್ನೇ ದಿನಾಂಕ, ವೇಳೆ ಸಮೇತ ತಿದ್ದಲಾಗದ ಡಿಜಿಟಲ್ ದಾಖಲೆಯಾಗಿ ಮಾಡಿದರೆ ಹೊರೆಯೂ ತಗ್ಗುತ್ತದೆ, ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ತುಂಬುವ ಚಾಳಿಯೂ ನಿಲ್ಲುತ್ತದೆ. ಮೂವತ್ತು ವರ್ಷ ಇಡಲು ಕಪಾಟೂ ಬೇಡ.

ಸಂಹಿತೆಯಲ್ಲಿ ಒಂದು ಒಳ್ಳೆಯ ಅಂಶವಿದೆ: ನಿಗದಿತ ವಯಸ್ಸು ಅಥವಾ ವರ್ಗದ ಕಾರ್ಮಿಕರಿಗೆ ಮಾಲೀಕರ ಖರ್ಚಿನಲ್ಲಿ ವಾರ್ಷಿಕ ಆರೋಗ್ಯ ತಪಾಸಣೆ. 40 ದಾಟಿದವರಿಗೆ ಇದು ಸಿಗುತ್ತದೆ ಎಂದು ಸರ್ಕಾರ ಹೇಳಿದೆ. ಇದರ ವರದಿಯೂ ಯಂತ್ರದ ದಾಖಲೆಯೂ ಬೇರೆ ಬೇರೆ ಕಡೆ ಕೂತರೆ ಲಾಭ ಅರ್ಧವೇ. ಡ್ರಿಲ್ ಆಪರೇಟರನ ಉಸಿರಿನ ಶಕ್ತಿ ಐದು ವರ್ಷದಲ್ಲಿ ಇಳಿಯುತ್ತ ಬಂದಿದ್ದರೆ, ಆ ಐದು ವರ್ಷ ಅವನ ಪಕ್ಕದಲ್ಲಿ ಯಾವ ಕಂಪ್ರೆಸರ್ ಇತ್ತು, ಅದರ ಸ್ಥಿತಿ ಏನಿತ್ತು ಎಂಬುದೂ ತಿಳಿಯಬೇಕು. ಬಾಗಲಕೋಟೆಯಂಥ ಗಣಿ ಜಿಲ್ಲೆಗಳಲ್ಲಿ ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಆರೋಗ್ಯ ಅದರ ಆದ್ಯತೆಯ ಬಾಬತ್ತು. ಸಣ್ಣ ಖಣಿಗಳು ಹಂಚಿಕೊಂಡು ಬಳಸುವಂತೆ ಹೊಗೆ ಅಳೆಯುವ ಸಾಧನ, ಊರೂರಿಗೆ ಹೋಗುವ ಶ್ವಾಸಕೋಶ ತಪಾಸಣೆ ಇವಕ್ಕೆ ಆ ಹಣ ಬಳಕೆಯಾಗುವಂತೆ ಗ್ರಾಮ ಪಂಚಾಯಿತಿಗಳು ಕೇಳಬಹುದು, ಕೇಳಬೇಕು.

ಬಗೆಹರಿಯದೆ ಉಳಿದಿರುವ ಪ್ರಶ್ನೆ ಬಾಡಿಗೆ ಯಂತ್ರದ್ದು. ಯಂತ್ರ ಒಬ್ಬರದು, ಖಣಿ ಇನ್ನೊಬ್ಬರದು, ಆಪರೇಟರ್ ಗುತ್ತಿಗೆದಾರನ ಕಡೆಯವನು. ಇಂದು ಇಳಕಲ್ಲಿನಲ್ಲಿ ಓಡಿದ ಹಿಟಾಚಿ ಮುಂದಿನ ತಿಂಗಳು ಗೋಕಾಕ ಕಡೆ ರಸ್ತೆ ಕೆಲಸಕ್ಕೆ ಹೋಗುತ್ತದೆ, ಎರಡು ವರ್ಷ ಬಿಟ್ಟು ಸೆಕೆಂಡ್ ಹ್ಯಾಂಡ್ ಆಗಿ ಬೇರೆ ಜಿಲ್ಲೆಗೆ ಮಾರಾಟವಾಗುತ್ತದೆ. ಆಗ ಅವರ್ ಮೀಟರ್ ಯಂತ್ರದ ಜೊತೆಗೇ ಹೋಗುತ್ತದೆ, ಆರ್‌ಸಿ ಇದ್ದರೆ ಅದೂ ಹೋಗುತ್ತದೆ. ದೋಷ ಮತ್ತು ದುರಸ್ತಿಯ ದಾಖಲೆ ಹಳೆಯ ಖಣಿಯ ಶೆಡ್ಡಿನಲ್ಲೇ ಉಳಿಯುತ್ತದೆ, ಬರೆದಿದ್ದರೆ. ಹೊಸ ನಿಯಮಗಳಲ್ಲಿ ಆ ಪುಸ್ತಕವನ್ನು ಖಣಿಗೆ ಕಟ್ಟುತ್ತಾರೋ, ಯಂತ್ರಕ್ಕೆ ಕಟ್ಟುತ್ತಾರೋ ಎಂಬುದನ್ನು ಅಂತಿಮ ಪಠ್ಯ ಕೈಗೆ ಬಂದ ದಿನ ಮೊದಲು ತೆರೆದು ನೋಡಬೇಕು.